ಏಳನೆಯ ಎಲೆ

(ಮಾತಾಡುವವರು ಇಬ್ಬರು. ಒಬ್ಬರು ಕಾಪು ಕಡೆಯ ಕುಟುಂಬದ ಮನೆಯ ಮಾವ, ನಿವೃತ್ತ ಮಾಸ್ಟ್ರು. ಇನ್ನೊಬ್ಬಳು ಅವರ ತಂಗಿಯ ಮಗಳು, ಮಣಿಪಾಲದಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಮಾಡುವವಳು. ದೀಪಾವಳಿ ಕಳೆದ ವಾರ.)

ಸೊಸೆ: ಮಾವ, ಅಕ್ಟೋಬರ್ ಬಂತೆಂದರೆ ಈಗ ಮಣಿಪಾಲದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕುಂಬಳಕಾಯಿ ನೇತಾಡುತ್ತದೆ. ನೋಡಿದ್ದೀರಾ?

ಮಾವ: ನೋಡದೆ ಎಂತ. ಕಣ್ಣು, ಬಾಯಿ ಕೊರೆದದ್ದು. ನಾವು ದೃಷ್ಟಿ ತೆಗೆದು ಒಡೆಯುವುದನ್ನು ಅವರು ಕೊರೆದು ಒಳಗೆ ದೀಪ ಇಡುತ್ತಾರೆ. ಹ್ಯಾಲೋವೀನ್ ಅಂತ ಅಮೆರಿಕದವರ ಹಬ್ಬ ಅಲ್ಲವಾ ಅದು?

ಸೊಸೆ: ಅಮೆರಿಕಕ್ಕೆ ಅದನ್ನು ದಾಟಿಸಿದವರಲ್ಲಿ ಮುಖ್ಯವಾಗಿ ಐರ್ಲೆಂಡಿನವರು. 1845ರಲ್ಲಿ ಅಲ್ಲಿನ ಆಲೂಗಡ್ಡೆಗೆ ರೋಗ ಬಂತು. ನಮ್ಮ ಅಡಿಕೆಗೆ ಕೊಳೆರೋಗ ಬಂದರೆ ತೋಟದವರು ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ. ಅಲ್ಲಿ ಊಟವೇ ಆಲೂಗಡ್ಡೆ. ವರ್ಷಗಟ್ಟಲೆ ಕ್ಷಾಮ. ಲಕ್ಷಗಟ್ಟಲೆ ಜನ ಸತ್ತರು, ಲಕ್ಷಗಟ್ಟಲೆ ಜನ ಹಡಗು ಹತ್ತಿದರು. ಊರಲ್ಲಿದ್ದಾಗ ಅವರು ದೀಪ ಇಡುತ್ತಿದ್ದದ್ದು ಟರ್ನಿಪ್ ಗಡ್ಡೆ ಕೊರೆದು. ನಾನು ಹೇಳಹೊರಟದ್ದು ದೀಪದ ಸಂಗತಿ ಅಲ್ಲ ಮಾವ. ಆ ರಾತ್ರಿ ಅಲ್ಲಿನ ಹುಡುಗಿಯರು ತಮ್ಮ ಭವಿಷ್ಯ ಕೇಳುತ್ತಿದ್ದರು.

ಮಾವ: ಯಾರ ಹತ್ತಿರ?

ಸೊಸೆ: ಯಾರ ಹತ್ತಿರವೂ ಅಲ್ಲ. ಒಲೆಯ ಹತ್ತಿರ, ಬ್ರೆಡ್ಡಿನ ಹತ್ತಿರ, ಹಿತ್ತಿಲಿನ ಎಲೆಕೋಸಿನ ಹತ್ತಿರ.

ಮಾವ: ಬಿಡಿಸಿ ಹೇಳು ಮಾರಾಯ್ತಿ.

ಸೊಸೆ: ಒಣದ್ರಾಕ್ಷಿ ಹಾಕಿ ಮಾಡುವ ಒಂದು ಬ್ರೆಡ್ ಉಂಟು, ಬಾರ್ಮ್‌ಬ್ರ್ಯಾಕ್ ಅಂತ. ಹಿಟ್ಟು ನಾದುವಾಗಲೇ ಅದರೊಳಗೆ ಉಂಗುರ, ನಾಣ್ಯ, ಹರಿದ ಬಟ್ಟೆಯ ಚೂರು, ಕಡ್ಡಿ ಹುದುಗಿಸಿಡುತ್ತಿದ್ದರು. ಕೊಯ್ದು ಹಂಚಿದಾಗ ಉಂಗುರ ಸಿಕ್ಕಿದವಳಿಗೆ ವರ್ಷದೊಳಗೆ ಮದುವೆ. ನಾಣ್ಯ ಸಿಕ್ಕಿದರೆ ದುಡ್ಡು. ಬಟ್ಟೆಚೂರು ಸಿಕ್ಕಿದರೆ ಬಡತನ. ಕಡ್ಡಿ ಸಿಕ್ಕಿದವಳಿಗೆ ಗಂಡನ ಪೆಟ್ಟು.

ಮಾವ: ಪೆಟ್ಟನ್ನೂ ಬ್ರೆಡ್ಡಿನೊಳಗೇ ಇಟ್ಟು ಬೇಯಿಸುತ್ತಿದ್ದರಾ! ಆದರೂ ತಿನ್ನುತ್ತಿದ್ದರು?

ಸೊಸೆ: ನಗುತ್ತಾ ತಿನ್ನುತ್ತಿದ್ದರು. ಈಗಲೂ ಅಲ್ಲಿ ಆ ದಿನಗಳಲ್ಲಿ ಅಂಗಡಿಯ ಬ್ರೆಡ್ಡಿನೊಳಗೆ ಉಂಗುರ ಇರುತ್ತದೆ. ಉಳಿದ ಸಾಮಾನೆಲ್ಲ ಹೆಚ್ಚುಕಡಿಮೆ ಹೋಯಿತು. ಇನ್ನೊಂದು ಆಟ ಹೇಝಲ್ ಬೀಜದ್ದು. ಎರಡು ಬೀಜಕ್ಕೆ ಒಬ್ಬ ಹುಡುಗನ, ಒಬ್ಬ ಹುಡುಗಿಯ ಹೆಸರಿಟ್ಟು ಕೆಂಡದ ಅಂಚಿಗೆ ಇಡುವುದು. ಎರಡೂ ಜತೆಯಲ್ಲಿ ಸುಮ್ಮನೆ ಉರಿದರೆ ಸಂಸಾರ ಚೆನ್ನ. ಒಂದು ಸಿಡಿದು ಹಾರಿದರೆ ಸಂಬಂಧ ಮುರಿಯಿತು. ಸೇಬಿನ ಸಿಪ್ಪೆಯನ್ನು ತುಂಡಾಗದಂತೆ ಸುಲಿದು ಹೆಗಲ ಮೇಲಿಂದ ಹಿಂದಕ್ಕೆ ಎಸೆದರೆ ಅದು ಬಿದ್ದ ಆಕಾರದಲ್ಲಿ ಗಂಡನ ಹೆಸರಿನ ಮೊದಲ ಅಕ್ಷರ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಕೋಸಿನ ಆಟ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕತ್ತಲಲ್ಲಿ ಹೋಗಿ ಕೈಗೆ ಸಿಕ್ಕಿದ ಗಿಡವನ್ನು ಬೇರುಸಮೇತ ಕೀಳಬೇಕು. ದಂಟು ಉದ್ದವಾಗಿದ್ದರೆ ಗಂಡ ಎತ್ತರ, ಡೊಂಕಾಗಿದ್ದರೆ ಗಂಡನೂ ಡೊಂಕು. ಬೇರಿಗೆ ಅಂಟಿದ ಮಣ್ಣು ಎಷ್ಟೋ ಅಷ್ಟು ಹಣ.

ಮಾವ: ಮಣ್ಣಿನಲ್ಲಿ ಹಣದ ಲೆಕ್ಕ. ರೈತರ ಊರು ಅಂತ ಅದರಲ್ಲೇ ಗೊತ್ತಾಗುತ್ತದೆ.

ಸೊಸೆ: ಹೌದು. ಕ್ಷಾಮದ ಮೇಲೆ ಅಲ್ಲಿ ಜಮೀನು ಪಾಲಾಗದಂತೆ ಒಬ್ಬ ಮಗನಿಗೇ ಬಿಡುವ ಪದ್ಧತಿ ಬಲವಾಯಿತು. ವರದಕ್ಷಿಣೆ ಹೊಂದಿಸಲಾಗದ ಹುಡುಗಿ ಮದುವೆಯಿಲ್ಲದೆ ಉಳಿಯುವುದು, ಇಲ್ಲವೆ ಹಡಗು ಹತ್ತುವುದು. ಸಂಬಂಧ ಕುದುರಿಸುವವರು ಅಪ್ಪಂದಿರು, ದಲ್ಲಾಳಿಗಳು. ಹುಡುಗಿಯನ್ನು ಕೇಳುವವರಿಲ್ಲ. ಅಂಥವಳಿಗೆ ವರ್ಷದಲ್ಲಿ ಒಂದು ರಾತ್ರಿ ಅಡುಗೆಮನೆಯಲ್ಲಿ ತನ್ನ ವಿಷಯ ತಾನೇ ಕೇಳಿಕೊಳ್ಳಲು ಬಿಡುತ್ತಿದ್ದರು.

ಮಾವ: ಆಟ ಅಂತ ಬಿಡುತ್ತಿದ್ದರು.

ಸೊಸೆ: ಆಟ ಅಂತಲೇ. ಆದರೆ ಕೆಂಡದ ಅಂಚಿನ ಬೀಜ ಸಿಡಿದಾಗ ಎದೆ ಧಸಕ್ಕೆನ್ನುವುದು ಆಟವಾ?

ಮಾವ: ನಮ್ಮ ಪರ್ಬದಲ್ಲಿ, ಅಂದರೆ ದೀಪಾವಳಿಯಲ್ಲಿ, ಭವಿಷ್ಯ ಕೇಳುವ ಕ್ರಮ ಇಲ್ಲ. ಹಂಡೆಗೆ ನೀರು ತುಂಬಿಸುವುದು, ಅದರ ಕುತ್ತಿಗೆಗೆ ಹಿಂಡ್ಲೆಬಳ್ಳಿ ಸುತ್ತುವುದು, ನಸುಕಿನಲ್ಲಿ ಎಣ್ಣೆಸ್ನಾನ. ಸಂಜೆ ಬಲೀಂದ್ರನನ್ನು ಕರೆಯುವುದು. ಅಂಗಳದಲ್ಲಿ ಹಾಲೆಮರದ ಕೊಂಬೆ ನೆಟ್ಟು ಹೂವಿಂದ ಸಿಂಗರಿಸಿ, ಗದ್ದೆಗೆ ಅವಲಕ್ಕಿ, ಹೂ, ದೀಪ ಕೊಂಡುಹೋಗಿಟ್ಟು, ಗಂಟಲು ಹರಿಯುವ ಹಾಗೆ ಕೂ ಹಾಕುವುದು. ಬಲೀಂದ್ರನ ತುಳು ಹಾಡು ನೀನು ಕೇಳಿದ್ದಿ. ಕಳಕೊಂಡ ಭೂಮಿ ಮತ್ತೆ ತನಗೆ ಯಾವಾಗ ಅಂದರೆ ಅವನಿಗೆ ಸಿಗುವುದು ಎಂದೂ ನಡೆಯದ ಶರತ್ತುಗಳ ಪಟ್ಟಿ. ಭವಿಷ್ಯ ಕೇಳಿದವನಿಗೇ ನಮ್ಮ ಹಬ್ಬ ಹಾಗೆ ಮಾಡಿತು. ಮತ್ತೆ ಯಾರು ಕೇಳುತ್ತಾರೆ?

ಸೊಸೆ: ಆದರೆ ಎರಡೂ ರಾತ್ರಿಗಳು ಒಂದೇ ಜಾತಿಯವು ಅಂತ ನನಗೆ ಕಾಣುತ್ತದೆ. ಅವರ ಹಬ್ಬದ ಹಳೆಯ ಹೆಸರು ಸೌವಿನ್. ಬೆಳೆ ಒಳಗೆ ಬಂದು, ದನ ಮೇವಿನ ಗುಡ್ಡದಿಂದ ಇಳಿದು, ಚಳಿಗಾಲ ಶುರುವಾಗುವ ಗಡಿ. ಆ ರಾತ್ರಿ ಸತ್ತವರು ಮನೆಗೆ ಬರುತ್ತಾರೆಂದು ಒಲೆ ಆರಿಸದೆ, ಕುರ್ಚಿ ಎಳೆದಿಟ್ಟು ಮಲಗುತ್ತಿದ್ದರು.

ಮಾವ: ನಾವು ಕುಲೆಗಳಿಗೆ ಬಡಿಸುವುದಿಲ್ಲವಾ? ಆಟಿ ತಿಂಗಳಲ್ಲಿ ಹೆಚ್ಚಿನ ಮನೆಗಳಲ್ಲಿ, ಪರ್ಬಕ್ಕೆ ಕೆಲವು ಮನೆಗಳಲ್ಲಿ. ಎಲೆ ಹಾಕಿ, ತೀರಿಹೋದವರಿಗೆ ಇಷ್ಟವಾದದ್ದು ಬಡಿಸಿ, ಬಾಗಿಲು ಎಳೆದು ಹೊರಗೆ ನಿಲ್ಲುವುದು. ಕಾರ್ಕಳದ ನಿನ್ನ ಅತ್ತೆಯ ನೆರೆಮನೆಯವರು ಕ್ರಿಶ್ಚಿಯನ್ನರು. ಅವರು ನವೆಂಬರ್ 2ಕ್ಕೆ ಸಮಾಧಿ ತೊಳೆದು ಹೂವಿಟ್ಟು ಮೇಣದ ಬತ್ತಿ ಹಚ್ಚುತ್ತಾರೆ. ಅಲ್ಲಿನ ಜೈನ ಬಸದಿಗಳಲ್ಲಿ ದೀಪಾವಳಿಯೆಂದರೆ ಮಹಾವೀರನ ನಿರ್ವಾಣದ ದಿನ. ಈ ಹಬ್ಬದ ಬೆಳಕಿನ ಹಿಂದೆ ಹೋದವರ ನೆನಪು ಎಲ್ಲ ಕಡೆಯೂ ಉಂಟು.

ಸೊಸೆ: 2024ರಲ್ಲಿ ನರಕ ಚತುರ್ದಶಿ ಅವರ ಹಬ್ಬದ ದಿನವಾದ ಅಕ್ಟೋಬರ್ 31ಕ್ಕೇ ಬಿತ್ತು, ಬಲಿಪಾಡ್ಯಮಿ ನವೆಂಬರ್ 2ಕ್ಕೆ. ನಾವು ಹಂಡೆ ಒಲೆಗೆ ಬೆಂಕಿ ಹಾಕಿದ ದಿನವೇ ಅವರು ಬ್ರೆಡ್ ಕೊಯ್ದದ್ದು.

ಮಾವ: ಇನ್ನೊಂದು ನೋಡು. ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಹೊತ್ತಿಗೆ ಪತ್ತನಾಜೆ. ಕೋಲ, ನೇಮ, ಜಾತ್ರೆ, ಯಕ್ಷಗಾನ ಮೇಳದ ಆಟ ಎಲ್ಲ ಅಲ್ಲಿಗೆ ನಿಂತಿತು. ಮಳೆಗಾಲ ಪೂರ್ತಿ ದೈವಗಳ ಮಾತಿಲ್ಲ. ದೀಪಾವಳಿ ಕಳೆದ ಮೇಲೆ ಮತ್ತೆ ಗಗ್ಗರದ ಸದ್ದು. ನಮ್ಮ ಮಾರಿಯಮ್ಮನಿಗೆ ವರ್ಷಕ್ಕೆ ಮೂರು ಪೂಜೆ, ಸುಗ್ಗಿ, ಆಟಿ, ಜಾರ್ದೆ ತಿಂಗಳುಗಳಲ್ಲಿ. ಇನ್ನು ಬರುವುದು ಜಾರ್ದೆಯದ್ದು, ಮಂಗಳವಾರ ರಾತ್ರಿಯಿಂದ ಬುಧವಾರಕ್ಕೆ. ಹಾಗಾಗಿ ನಿನ್ನ ಐರ್ಲೆಂಡಿನವರು ಒಂದು ರಾತ್ರಿ ಕೇಳಿ ಮುಗಿಸುತ್ತಿದ್ದರೆ, ನಮಗೆ ಈ ಹಬ್ಬದಿಂದ ಕೇಳುವ ಋತುವೇ ತೆರೆದುಕೊಳ್ಳುತ್ತದೆ. ಏಳು ತಿಂಗಳು. ಕೋಲದಲ್ಲಿ ದೈವ ನುಡಿ ಕೊಡುವಾಗ ಮನೆಯ ಕಷ್ಟ, ಮಕ್ಕಳ ದಾರಿ, ಜಾಗದ ತಕರಾರು, ಯಾವುದನ್ನು ಕೇಳುವುದಿಲ್ಲ?

ಸೊಸೆ: ಕೇಳುವವರು ಯಾರು ಮಾವ?

ಮಾವ: ಯಾರು ಅಂದರೆ? ಮನೆಯವರು.

ಸೊಸೆ: ಮನೆಯವರು ಅಂದರೆ ನೀವು, ದೊಡ್ಡ ಮಾವ, ಊರಿನ ನಾಲ್ಕು ಗಂಡಸರು. ನಾನು ಸಣ್ಣಂದಿನಿಂದ ಎಷ್ಟೋ ಕೋಲ ನೋಡಿದೆ. ನಾನು, ಅಮ್ಮ, ಚಿಕ್ಕಮ್ಮ ಜಗಲಿಯ ಮೂಲೆಯಲ್ಲಿ. ಕೊನೆಗೆ ಗಂಧಪ್ರಸಾದಕ್ಕೆ ಕರೆದರೆ ಹೋಗಿ ಕೈಯೊಡ್ಡುವುದು.

ಮಾವ: ಹಾಗೆ ಹೇಳಬೇಡ. ಅಳಿಯಸಂತಾನದವರು ನಾವು. ಮನೆ, ಜಾಗ, ಬಳಿ ಎಲ್ಲ ಹೆಣ್ಣಿನ ಸಾಲಿನಲ್ಲಿ ಇಳಿದು ಬಂದದ್ದು.

ಸೊಸೆ: ಜಾಗ ನಮ್ಮ ಸಾಲಿನಲ್ಲಿ ಇಳಿಯಿತು, ಮಾತು ನಿಮ್ಮ ಸಾಲಿನಲ್ಲಿ. ಯಜಮಾನಿಕೆ ಯಾವಾಗಲೂ ಮಾವಂದಿರದ್ದೇ. ಮಾತು ಬಂದದ್ದಕ್ಕೆ ಕೇಳುತ್ತೇನೆ. ಗುರುವಾರ ತಾಂಬೂಲಪ್ರಶ್ನೆ ಇಟ್ಟಿದ್ದೀರಂತೆ.

ಮಾವ: ಹೌದು, ನಾಗಬನದ ಜೀರ್ಣೋದ್ಧಾರದ ವಿಷಯ.

ಸೊಸೆ: ಅಮ್ಮ ಹೇಳಿದ್ದು ಬೇರೆ. ನನ್ನ ಮದುವೆ ಯಾಕೆ ಕೂಡಿಬರುತ್ತಿಲ್ಲ ಅಂತಲೂ ಕೇಳುತ್ತೀರಂತೆ.

ಮಾವ: ಅದು… ಜೋಯಿಸರು ಬಂದಾಗ ಒಟ್ಟಿಗೆ ಕೇಳಿಬಿಡುವುದು ಅಂತ. ನಿನಗೆ ಬೇಸರ ಆಗಬಾರದೆಂದು ಹೇಳಲಿಲ್ಲ.

ಸೊಸೆ: ಬೇಸರ ಪ್ರಶ್ನೆ ಇಟ್ಟದ್ದಕ್ಕಲ್ಲ. ನನ್ನ ಪ್ರಶ್ನೆ ನಾನಿಲ್ಲದೆ ಇಟ್ಟದ್ದಕ್ಕೆ. ಸರಿ, ಅದರ ಕ್ರಮ ಹೇಗೆ ಹೇಳಿ. ನಾನು ಒಂದು ಸಲವೂ ಹತ್ತಿರ ಕೂತು ನೋಡಿಲ್ಲ.

ಮಾವ: ದೊಡ್ಡದು ಅಷ್ಟಮಂಗಲ ಪ್ರಶ್ನೆ. ದೇವಸ್ಥಾನಕ್ಕೋ, ಇಡೀ ಕುಟುಂಬದ ದೊಡ್ಡ ತೊಂದರೆಗೋ ಇಡುವುದು. ದಿನಗಟ್ಟಲೆ ನಡೆಯುತ್ತದೆ, ಖರ್ಚೂ ಹಾಗೆಯೇ. ನಮ್ಮ ಕಡೆಯ ಜೋಯಿಸರಿಗೆ ಇದಕ್ಕೆ ಆಧಾರ ‘ಪ್ರಶ್ನಮಾರ್ಗ’. ಕೇರಳದ ನಂಬೂದಿರಿಯೊಬ್ಬರು 1649ರಲ್ಲಿ ಬರೆದದ್ದು. ನೆಲದಲ್ಲಿ ರಾಶಿಚಕ್ರ ಬರೆದು, ಏನೂ ಅರಿಯದ ಸಣ್ಣ ಮಗುವಿನ ಕೈಯಲ್ಲಿ ಚಿನ್ನದ ಚೂರು ಕೊಟ್ಟು ಒಂದು ಮನೆಯಲ್ಲಿ ಇಡಿಸುತ್ತಾರೆ. ಮಗು ಇಟ್ಟ ರಾಶಿಯೇ ಆರೂಢ. ಆಮೇಲೆ ಕವಡೆ ಎಣಿಸುವುದು, ಗ್ರಹ ನೋಡುವುದು. ತಾಂಬೂಲಪ್ರಶ್ನೆ ಅದಕ್ಕಿಂತ ಸರಳ. ಪ್ರಶ್ನೆ ಕೇಳುವವರು ಜೋಯಿಸರಿಗೆ ವೀಳ್ಯದೆಲೆ, ಅಡಿಕೆ ಕೊಡುತ್ತಾರೆ. ಕೊಟ್ಟ ಎಲೆಗಳನ್ನು ಎಣಿಸಿ, ಆ ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಒಂದು ಕೂಡಿಸಿ, ಏಳರಿಂದ ಭಾಗಿಸಿದರೆ ಉಳಿದ ಶೇಷದಿಂದ ಗ್ರಹ ತಿಳಿಯುತ್ತದೆ. ಮತ್ತೆ ಒಂದೊಂದೇ ಎಲೆ ತೆಗೆದು ನೋಡುವುದು. ಮೊದಲ ಎಲೆ ಶರೀರದ್ದು, ಎರಡನೆಯದು ಧನ, ಹೀಗೆ ಹನ್ನೆರಡು. ಎಲೆ ಬಾಡಿದೆಯೋ, ಹರಿದಿದೆಯೋ, ತೂತು ಉಂಟೋ ಎಂದು ನೋಡಿ ಆ ಭಾವದ ಗುಣದೋಷ ಹೇಳುತ್ತಾರೆ. ಮದುವೆಯದ್ದು ಏಳನೆಯ ಎಲೆ.

ಸೊಸೆ: ಐವಿ ಎಲೆ!

ಮಾವ: ಎಂತದು?

ಸೊಸೆ: ಐವಿ ಎಂಬ ಬಳ್ಳಿಯ ಎಲೆಯನ್ನು ಆ ರಾತ್ರಿ ಒಂದು ಲೋಟ ನೀರಿನಲ್ಲಿ ಇಟ್ಟು ಮಲಗುತ್ತಿದ್ದರು, ಮನೆಯವರಿಗೆ ಒಬ್ಬೊಬ್ಬರಿಗೆ ಒಂದೊಂದು. ಬೆಳಗ್ಗೆ ಎಲೆ ಹಾಗೇ ಹಸುರಾಗಿದ್ದರೆ ಆ ವರ್ಷ ಆರೋಗ್ಯ. ಕಲೆ ಬಿದ್ದಿದ್ದರೆ ಕಾಯಿಲೆ ಅಥವಾ ಸಾವು. ನೀವು ಹೇಳಿದ ಏನೂ ಅರಿಯದ ಮಗು ಇದೆಯಲ್ಲ, ಅಲ್ಲಿ ಅದರ ಬದಲು ಕಣ್ಣಿಗೆ ಬಟ್ಟೆ. ಮೇಜಿನ ಮೇಲೆ ತಟ್ಟೆಗಳು. ಒಂದರಲ್ಲಿ ಉಂಗುರ, ಒಂದರಲ್ಲಿ ನೀರು, ಒಂದರಲ್ಲಿ ಪ್ರಾರ್ಥನೆಯ ಪುಸ್ತಕ, ಒಂದರಲ್ಲಿ ಹಸಿಮಣ್ಣು. ಕಣ್ಣು ಕಟ್ಟಿಸಿಕೊಂಡವಳ ಕೈ ಉಂಗುರಕ್ಕೆ ತಗಲಿದರೆ ಮದುವೆ, ನೀರಿಗೆ ತಗಲಿದರೆ ಸಮುದ್ರ ದಾಟುವುದು, ಪುಸ್ತಕಕ್ಕೆ ತಗಲಿದರೆ ಕಾನ್ವೆಂಟು.

ಮಾವ: ಮಣ್ಣಿಗೆ?

ಸೊಸೆ: ನೀವೇ ಊಹಿಸಿ. ಜೇಮ್ಸ್ ಜಾಯ್ಸ್ ಇದರ ಮೇಲೆ ಒಂದು ಕತೆ ಬರೆದಿದ್ದಾನೆ, ಹೆಸರು ‘ಕ್ಲೇ’. 1914ರಲ್ಲಿ ಬಂದ ‘ಡಬ್ಲಿನರ್ಸ್’ ಪುಸ್ತಕದಲ್ಲಿ ಉಂಟು. ಮರಿಯಾ ಎಂಬವಳು ಡಬ್ಲಿನ್ನಿನ ಒಂದು ಬಟ್ಟೆ ಒಗೆಯುವ ಸಂಸ್ಥೆಯ ಅಡುಗೆಮನೆಯಲ್ಲಿ ದುಡಿಯುವವಳು, ಮದುವೆಯಿಲ್ಲ, ವಯಸ್ಸಾಗಿದೆ. ಹಿಂದೆ ತಾನು ಸಾಕಿದ ಹುಡುಗನ ಮನೆಗೆ ಆ ಹಬ್ಬದ ರಾತ್ರಿ ಹೋಗುತ್ತಾಳೆ. ಅವಳಿಗೂ ಕಣ್ಣು ಕಟ್ಟುತ್ತಾರೆ. ಕೈಗೆ ಮೆತ್ತಗೆ, ಒದ್ದೆ ಒದ್ದೆ ಏನೋ ತಗಲುತ್ತದೆ. ಕೋಣೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಮನೆಯ ಹೆಂಗಸು ನೆರೆಮನೆಯ ಹುಡುಗಿಯೊಬ್ಬಳನ್ನು ಗದರುತ್ತಾಳೆ, ಇದನ್ನು ಹೊರಗೆ ಎಸೆ ಅಂತ. ಇನ್ನೊಮ್ಮೆ ಆಡಿಸುತ್ತಾರೆ. ಈ ಸಲ ಪ್ರಾರ್ಥನೆಯ ಪುಸ್ತಕ ಸಿಗುತ್ತದೆ. ವರ್ಷದೊಳಗೆ ಕಾನ್ವೆಂಟು ಸೇರುತ್ತೀರಿ ಅಂತ ನಗುತ್ತಾರೆ. ಮುಟ್ಟಿದ್ದೇನು ಅಂತ ಮರಿಯಾಗೆ ಯಾರೂ ಹೇಳುವುದಿಲ್ಲ. ಜಾಯ್ಸನೂ ಬಾಯಿಬಿಟ್ಟು ಹೇಳುವುದಿಲ್ಲ, ಕತೆಯ ಹೆಸರಿನಲ್ಲಿ ಇಟ್ಟಿದ್ದಾನೆ ಅಷ್ಟೆ.

ಮಾವ: ಒಳ್ಳೆಯ ಮನೆಯವರು. ಜೋಯಿಸರೂ ಹಾಗೆಯೇ. ಮರಣ ಕಂಡರೆ ಮರಣ ಅನ್ನುವುದಿಲ್ಲ. ಸ್ವಲ್ಪ ಕಾಲ ಚೆನ್ನಾಗಿಲ್ಲ, ಒಂದು ಮೃತ್ಯುಂಜಯ ಹೋಮ ಮಾಡಿಸಿ ಅನ್ನುತ್ತಾರೆ.

ಸೊಸೆ: ನನಗೆ ಆ ಮನೆಯವರ ಮೇಲೆ ಸಿಟ್ಟೇ ಬರುತ್ತದೆ ಮಾವ. ಕೈ ಅವಳದ್ದು, ಮಣ್ಣು ಅವಳ ಕೈಗೆ ತಗಲಿದ್ದು. ಅರ್ಥ ಮಾತ್ರ ಕೋಣೆಯಲ್ಲಿದ್ದ ಉಳಿದವರಿಗೆಲ್ಲ ಗೊತ್ತು.

ಮಾವ: ಗೊತ್ತಾಗಿ ಅವಳಿಗೆ ಆಗಬೇಕಾದ್ದೇನು? ಹಿರಿಯರು ಕೆಲವನ್ನು ತಾವು ನುಂಗಿಕೊಳ್ಳುವುದು ಮಕ್ಕಳು ನೆಮ್ಮದಿಯಿಂದ ಇರಲಿ ಅಂತ. ಮತ್ತೆ ನಿನ್ನ ಐರ್ಲೆಂಡಿನ ಹುಡುಗಿಯರನ್ನು ನೀನು ಮೇಲಕ್ಕೆ ಏರಿಸಿದ್ದು ಸಾಕು. ಬ್ರೆಡ್ಡಿನಲ್ಲಿ ಮದುವೆ, ಬೀಜದಲ್ಲಿ ಮದುವೆ, ಸೇಬಿನಲ್ಲಿ ಮದುವೆ, ಕೋಸಿನಲ್ಲೂ ಮದುವೆ. ಕೇಳುವ ಸ್ವಾತಂತ್ರ್ಯ ಇತ್ತು ಅನ್ನುತ್ತಿ. ಕೇಳಲಿಕ್ಕೆ ಇದ್ದದ್ದು ಒಂದೇ ಪ್ರಶ್ನೆ!

ಸೊಸೆ: ಅದು ಹೌದು. ಆ ಮಾತು ಒಪ್ಪಿದೆ.

ಮಾವ: ನಮ್ಮಲ್ಲಾದರೆ ಪ್ರಶ್ನೆಯಲ್ಲಿ ಮದುವೆಯ ಹಿಂದೆ ಇನ್ನೂ ಎಷ್ಟೋ ಏಳುತ್ತದೆ. ಹುಡುಗಿಗೆ ಮದುವೆ ಆಗುತ್ತಿಲ್ಲ ಅಂತ ಇಟ್ಟರೆ, ಹಿಂದಿನ ತಲೆಮಾರಿನಲ್ಲಿ ತೊಟ್ಟಿಲಲ್ಲೇ ತೀರಿದ ಮಗುವಿಗೆ ಮದುವೆ ಆಗಿಲ್ಲ, ಅದು ಕೇಳುತ್ತಾ ಉಂಟು ಅಂತ ಬರುತ್ತದೆ. ಆಗ ಕುಲೆ ಮದಿಮೆ. ತೀರಿದ ಹುಡುಗಿಗೆ ತೀರಿದ ಹುಡುಗನನ್ನೇ ಹುಡುಕಿ, ಜಾತಿ, ಬಳಿ ನೋಡಿ, ಸೀರೆ, ಕರಿಮಣಿ, ಊಟ, ಎಲ್ಲ ಕ್ರಮದಲ್ಲಿ. 2024ರಲ್ಲಿ ಪುತ್ತೂರು ಕಡೆಯ ಒಂದು ಮನೆಯವರು ಪತ್ರಿಕೆಯಲ್ಲಿ ಜಾಹೀರಾತೇ ಕೊಟ್ಟಿದ್ದರು, 30 ವರ್ಷದ ಹಿಂದೆ ತೀರಿದ ಮಗಳಿಗೆ ವರ ಬೇಕು ಅಂತ. ಹೊರಗಿನವರು ನಕ್ಕರು. ನನಗೆ ನಗು ಬರಲಿಲ್ಲ. 30 ವರ್ಷ ಆ ತಾಯಿ ಮಗಳ ವಯಸ್ಸು ಎಣಿಸಿದ್ದಾಳೆ ಅಂತ ಆಯಿತಲ್ಲ.

ಸೊಸೆ: ನಾನೂ ನಗುವುದಿಲ್ಲ. ಆದರೆ ನೋಡಿ, ತೀರಿದವಳು ಕೇಳಿದರೆ ಜೋಯಿಸರ ಬಾಯಿಂದ ಅವಳ ಕೂಗು ಚಾವಡಿಗೆ ಮುಟ್ಟುತ್ತದೆ. ಬದುಕಿದ್ದವಳು ಕೇಳಬೇಕಾದರೆ ಚಾವಡಿಯಲ್ಲಿ ಜಾಗ ಇಲ್ಲ.

ಮಾವ: ಇಲ್ಲವೆಂದು ಯಾರು ಹೇಳಿದ್ದು? ಹಿರಿಯಡ್ಕಕ್ಕೆ ಸಿರಿ ಜಾತ್ರೆಗೆ ಹೋಗಿದ್ದಿಯಾ?

ಸೊಸೆ: ಒಮ್ಮೆ, ಸಣ್ಣದಿರುವಾಗ. ಹೆದರಿ ಅಮ್ಮನ ಸೆರಗು ಬಿಡಲಿಲ್ಲ.

ಮಾವ: ಹುಣ್ಣಿಮೆಯ ಹೊತ್ತಿಗೆ ಅಲ್ಲಿ, ಕವತ್ತಾರಿನಲ್ಲಿ, ಇನ್ನೂ ಕೆಲವು ಆಲಡೆ ಕ್ಷೇತ್ರಗಳಲ್ಲಿ ಆಗುತ್ತದೆ. ರಾತ್ರಿ ಪೂರ್ತಿ ಸಾಲಾಗಿ ಹೆಂಗಸರು, ಕೈಯಲ್ಲಿ ಹಿಂಗಾರ. ಸಿರಿ ಯಾರು? ಪರಸ್ತ್ರೀಯ ಹಿಂದೆ ಹೋದ ಗಂಡನನ್ನು ಬಿಟ್ಟು ಮಗುವನ್ನೆತ್ತಿಕೊಂಡು ಹೊರಟವಳು. ಅವಳ ಆವೇಶ ಬಂದ ಹೆಂಗಸು ಅತ್ತೆಯ ವಿಷಯ, ಗಂಡನ ವಿಷಯ, ವರ್ಷಗಟ್ಟಲೆ ಒಳಗೆ ಇಟ್ಟುಕೊಂಡದ್ದನ್ನೆಲ್ಲ ಎಲ್ಲರೆದುರು ಹೇಳುತ್ತಾಳೆ. ಮನೆಯ ಗಂಡಸರು ಕೈಮುಗಿದು ಕೇಳುತ್ತಾರೆ. ಫಿನ್‌ಲೆಂಡಿನ ಲೌರಿ ಹೊಂಕೊ ನಮ್ಮ ಗೋಪಾಲ ನಾಯ್ಕರು ಹೇಳಿದ ಸಿರಿ ಪಾಡ್ದನವನ್ನು 1998ರಲ್ಲಿ ಅಚ್ಚು ಹಾಕಿಸಿದರು, 15,683 ಸಾಲು. ಅಷ್ಟು ದೊಡ್ಡ ಕಾವ್ಯದ ತುಂಬ ಹೆಂಗಸರ ಮಾತು. ಐರ್ಲೆಂಡಿನಲ್ಲಿ ಇದ್ದರೆ ತೋರಿಸು.

ಸೊಸೆ: ಇಲ್ಲ, ಅದಕ್ಕೆ ಸಾಟಿ ಅಲ್ಲಿ ಇಲ್ಲ. ಆದರೆ ಸಿರಿ ಜಾತ್ರೆಯಲ್ಲೂ ಪಕ್ಕದಲ್ಲಿ ನಿಂತು ಮಾತು ಬಿಡಿಸುವವನು ಕುಮಾರ, ಗಂಡಸು. ಮತ್ತೆ ಮೈಮೇಲೆ ಬಂದರೆ ಮಾತ್ರ ಮಾತು. ಮೈಮೇಲೆ ಬಾರದ ದಿನ ನಾನು ಎಲ್ಲಿ ಕೂತು ಮಾತಾಡಲಿ?

ಮಾವ: ನೀನು ಕಾಲೇಜಿನಲ್ಲಿ ಪಾಠ ಮಾಡುವವಳು. ನಿನಗೆ ಮಾತಿಗೆ ಜಾಗ ಇಲ್ಲವಾ?

ಸೊಸೆ: ಮಣಿಪಾಲದಲ್ಲಿ ಉಂಟು. ಕಾಪುವಿನ ಮನೆಯ ಚಾವಡಿಯಲ್ಲಿ ಇಲ್ಲ. ಒಂದು ಸಂಗತಿ ಕೇಳಿ. 1937ರಿಂದ 39ರ ತನಕ ಐರ್ಲೆಂಡಿನ ಸುಮಾರು 50,000 ಶಾಲಾಮಕ್ಕಳು ತಮ್ಮ ಅಜ್ಜ-ಅಜ್ಜಿಯರನ್ನು ಕೇಳಿ ಊರಿನ ಕ್ರಮ, ನಂಬಿಕೆ, ಮದ್ದು, ಆಟ ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಕೊಟ್ಟರು. ಅಡುಗೆಮನೆಯ ಆಟಗಳು ಅಂಥ ಬರಹಗಳಲ್ಲಿ ಉಳಿದವು. ನಮ್ಮ ಅಜ್ಜಿಯಂದಿರು ಅಡುಗೆಮನೆಯಲ್ಲಿ ಗುಟ್ಟಾಗಿ ಏನು ಕೇಳಿಕೊಳ್ಳುತ್ತಿದ್ದರು ಅಂತ ನಿಮಗೆ ಗೊತ್ತಾ?

ಮಾವ: ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದವರು ಆರು ಸಂಪುಟದ ತುಳು ನಿಘಂಟು ಮಾಡಿದ್ದಾರೆ, 1988ರಿಂದ 97ರ ತನಕ. ಅದರಲ್ಲಿ ಒಂದೊಂದು ಆಚರಣೆಯ ಹೆಸರೂ ಸಿಗುತ್ತದೆ. ಆದರೆ ನಿನ್ನ ಅಜ್ಜಿ ಏನು ಕೇಳಿಕೊಂಡಳು ಅಂತ ನಿಘಂಟಿನಲ್ಲಿ ಇರುವುದಿಲ್ಲ. ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಸೊಸೆ: ಅಮ್ಮನನ್ನು ನಾನು ಈ ವಾರ ಕೇಳುತ್ತೇನೆ. ಗುರುವಾರದ ಮಾತು ಮುಗಿಸೋಣ. ಎಲೆ ಕೊಡುವವರು ಯಾರು?

ಮಾವ: ನಾನು ಅಂತ ಇತ್ತು.

ಸೊಸೆ: ಕೊಟ್ಟವರ ಎಲೆಯ ಮೇಲೆ ಲೆಕ್ಕ ನಿಂತಿರುವುದಾದರೆ ನಿಮ್ಮ ಕೈಯ ಏಳನೆಯ ಎಲೆ ನನ್ನ ಮದುವೆ ಹೇಗೆ ಹೇಳುತ್ತದೆ? ಶಾಸ್ತ್ರದ ಪ್ರಕಾರವೇ ಕೇಳುತ್ತಿದ್ದೇನೆ.

ಮಾವ: …ಅದು ನ್ಯಾಯದ ಮಾತು. ನಿನಗೆ ಇದರಲ್ಲಿ ನಂಬಿಕೆ ಉಂಟಾ?

ಸೊಸೆ: ಅರ್ಧ. ಸೇಬಿನ ಸಿಪ್ಪೆ ಎಸೆದವಳಿಗೆ ಇದ್ದಷ್ಟು.

ಮಾವ: ಅಷ್ಟು ಸಾಕು. ಎಲೆ ನೀನೇ ಕೊಡು, ಜೋಯಿಸರಿಗೆ ನಾನು ಹೇಳುತ್ತೇನೆ. ಆರಿಸಿ ಒಳ್ಳೆಯ ಎಲೆ ತರಬೇಡ ಮತ್ತೆ, ಕೈಗೆ ಬಂದದ್ದು ತರಬೇಕು. ಚಾವಡಿಯಲ್ಲಿ ಮಣೆ ನನ್ನ ಪಕ್ಕ ಹಾಕಿಸುತ್ತೇನೆ. ಅವರು ಹೇಳಿದ್ದನ್ನೆಲ್ಲ ನಿನ್ನೆದುರೇ ಹೇಳಲಿ, ಮುಚ್ಚುಮರೆ ಬೇಡ.

ಸೊಸೆ: ಮದುವೆಯದ್ದೇ ಕೇಳಬೇಕೆಂದು ಇಲ್ಲ ಅಲ್ವಾ?

ಮಾವ: ಎಲೆ ಕೊಟ್ಟವರದ್ದು ಪ್ರಶ್ನೆ. ಪಿಎಚ್.ಡಿ. ಯಾವಾಗ ಮುಗಿಯುತ್ತದೆ ಅಂತ ಬೇಕಾದರೂ ಕೇಳು. ಬೆಳಗ್ಗೆ ಒಂಬತ್ತಕ್ಕೆ ಶುರು. ಕಾಲೇಜಿಗೆ ಪೂರ್ತಿ ದಿನದ ರಜೆ ಹಾಕು, ನಾಗಬನದ ವಿಷಯವೂ ಇರುವುದರಿಂದ ಮಧ್ಯಾಹ್ನದ ಒಳಗೆ ಮುಗಿಯುವುದಿಲ್ಲ.